ಹಾಡು ಬರೆದವರು ಬೇರೆಯವರು, ಹಾಗಾದ್ರೆ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮಾಡಿದ್ದೇನು?

ಪ್ರಶ್ನೆ: 'ಪಲ್ಪ್ ಫಿಕ್ಷನ್' ಸಿನಿಮಾ ನೋಡುವಾಗ 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಹಾಡು ಕೇಳಿದೆ. ಅವತ್ತಿಂದ ತಲೆಯಿಂದ ಹೋಗುತ್ತಿಲ್ಲ. ಹಾಡಿದವರು ಅಮೆರಿಕದ ಕಪ್ಪು ಗಾಯಕಿ ಇರಬೇಕು ಅಂದುಕೊಂಡಿದ್ದೆ. ಹುಡುಕಿದರೆ ಲಂಡನ್ನಿನ ಬಿಳಿ ಗಾಯಕಿ, ಡಸ್ಟಿ ಸ್ಪ್ರಿಂಗ್‌ಫೀಲ್ಡ್! ಇನ್ನಷ್ಟು ಓದಿದಾಗ ಗೊತ್ತಾಯಿತು, ಅವರ ದೊಡ್ಡ ಹಿಟ್‌ಗಳಲ್ಲಿ ಒಂದನ್ನೂ ಅವರು ಬರೆದಿಲ್ಲ. "ಹಾಗಾದರೆ ಬರೀ ಕಂಠ ಅಷ್ಟೇ ಬಿಡು" ಅಂತಾನೆ ನನ್ನ ಗೆಳೆಯ. ಹೌದಾ? ಹಾಗಿದ್ದರೆ ಅರವತ್ತು ವರ್ಷದ ಹಿಂದಿನ ಈ ಹಾಡುಗಳನ್ನು ಜನ ಇನ್ನೂ ಯಾಕೆ ಕೇಳುತ್ತಾರೆ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಿನಿಮಾ ಹಾಡು ಕೇಳಿ ಬೆಳೆದ ನಮಗೆ ಈ ಅನುಮಾನ ಬರಲೇಬಾರದಿತ್ತು. ಎಸ್. ಜಾನಕಿ ಹಾಡು ಕೇಳುವಾಗ ಇದನ್ನು ಅವರೇ ಬರೆದರಾ ಅಂತ ಯಾರೂ ಲೆಕ್ಕ ಕೇಳುವುದಿಲ್ಲ, ಅಲ್ವಾ? ಆದರೆ ಇಂಗ್ಲಿಷ್ ಪಾಪ್‌ನಲ್ಲಿ 1963ರಲ್ಲಿ ಬೀಟಲ್ಸ್ ಬಂದರು. ಅವರು ತಮ್ಮ ಹಾಡು ತಾವೇ ಬರೆದುಕೊಂಡರು. ಅಲ್ಲಿಂದ ಮುಂದೆ ತಾನೇ ಬರೆದು ಹಾಡಿದವರು ದೊಡ್ಡವರು, ಬೇರೆಯವರು ಬರೆದದ್ದನ್ನು ಹಾಡುವವರು ಸ್ವಲ್ಪ ಕಡಿಮೆ ಅನ್ನೋ ಲೆಕ್ಕ ಶುರುವಾಯಿತು. ಡಸ್ಟಿ ಒಂಟಿಯಾಗಿ ಹಾಡಲು ಹೊರಟಿದ್ದೂ ಅದೇ 1963ರಲ್ಲಿ. ಪಾಪ, ಅಳತೆಗೋಲು ಬದಲಾಗುವ ಹೊತ್ತಿಗೆ ಸರಿಯಾಗಿ ಬಂದು ನಿಂತರು.

ಕಂಠ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಸ್ವಲ್ಪ ಗರಗರ, ಸ್ವಲ್ಪ ಉಸಿರು ಸೇರಿದ, ಹತ್ತಿರ ಕೂತು ಮಾತಾಡಿದಂಥ ದನಿ. ಆದರೆ ನನ್ನ ಪ್ರಕಾರ ಅವರ ದೊಡ್ಡ ಆಸ್ತಿ ಕಿವಿ. ಯಾವ ಹಾಡು ತನಗೆ, ಯಾವುದು ತನಗಲ್ಲ, ಡ್ರಮ್ ಎಷ್ಟು ಕೇಳಬೇಕು, ದನಿ ಎಲ್ಲಿ ಏಳಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನೋದೆಲ್ಲ ಅವರ ತಲೆಯಲ್ಲಿ ಮೊದಲೇ ತಯಾರಾಗಿರುತ್ತಿತ್ತು. ಅದು ಸಿಗುವ ತನಕ ಬಿಡುತ್ತಿರಲಿಲ್ಲ.

ಹುಟ್ಟಿದ್ದು 1939ರ ಏಪ್ರಿಲ್ 16, ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಮನೆ. ಹೆಸರು ಮೇರಿ ಇಸೊಬೆಲ್ ಕ್ಯಾಥರೀನ್ ಬರ್ನಡೆಟ್ ಓಬ್ರಯನ್. ಬೀದಿಯಲ್ಲಿ ಹುಡುಗರ ಜತೆ ಫುಟ್‌ಬಾಲ್ ಆಡಿ ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತಿದ್ದಳಂತೆ, ಅದಕ್ಕೇ 'ಡಸ್ಟಿ'. ಅಪ್ಪ ತೆರಿಗೆ ಲೆಕ್ಕಪತ್ರ ನೋಡುವ ಕೆಲಸದವರು. ಅವರು ಬೆಳೆದದ್ದು ಬ್ರಿಟಿಷರ ಕಾಲದ ಭಾರತದಲ್ಲಿ. (ನಮ್ಮ ಕಡೆಗೆ ನಂಟು ಅಂತ ಹೇಳಿಕೊಳ್ಳೋಕೆ ಇರೋದು ಇಷ್ಟೇ.) ಈ ಅಪ್ಪ ಮಗಳ ಜತೆ ಒಂದು ಆಟ ಆಡುತ್ತಿದ್ದರು. ಅವಳ ಅಂಗೈ ತಿರುಗಿಸಿ, ಕೈಯ ಹಿಂಬದಿಯ ಮೇಲೆ ಬೆರಳಿನಿಂದ ಯಾವುದೋ ಒಂದು ಸಂಗೀತದ ತಾಳ ತಟ್ಟೋದು. ಅದು ಯಾವುದು ಅಂತ ಅವಳು ಹೇಳಬೇಕು. ರಾಗ ಇಲ್ಲ, ಪದ ಇಲ್ಲ, ಚರ್ಮದ ಮೇಲೆ ಬರೀ ತಾಳ. ಮುಂದೆ ಸ್ಟುಡಿಯೋದಲ್ಲಿ ಆಕೆ ಡ್ರಮ್ಮರುಗಳ ಪ್ರಾಣ ತಿಂದದ್ದಕ್ಕೆ ಬೀಜ ಇಲ್ಲೇ ಬಿತ್ತು ಅಂತ ನನಗೆ ಅನ್ನಿಸುತ್ತದೆ.

ಓದಿದ್ದು ಕಾನ್ವೆಂಟಿನಲ್ಲಿ. ಕನ್ನಡಕ ಹಾಕಿದ, ಯಾರೂ ತಿರುಗಿ ನೋಡದ ಹುಡುಗಿ. ಆ ಮೇರಿಯನ್ನು ಆಕೆ ಬೇಕಂತಲೇ ಹೂತುಹಾಕಿದರು. ಅದರ ಮೇಲೆ ಹೊಂಬಣ್ಣದ ಕೂದಲಿನ ಗೋಪುರ ಕಟ್ಟಿದರು. ಜೇನುಗೂಡಿನ ಹಾಗೆ ಎತ್ತಿ ಕಟ್ಟಿದ ಆ ತಲೆ, ಕಣ್ಣ ಸುತ್ತ ಬಳಿದ ದಪ್ಪ ಕಾಡಿಗೆ, ಹಾಡುವಾಗ ಗಾಳಿಯಲ್ಲಿ ಆಡುವ ಕೈಗಳು. ಇವತ್ತಿಗೂ ಅರವತ್ತರ ದಶಕದ ಲಂಡನ್ ಅಂದರೆ ಕಣ್ಣಿಗೆ ಬರುವ ಚಿತ್ರಗಳಲ್ಲಿ ಇದೂ ಒಂದು.

1958ರಲ್ಲಿ ಲಾನಾ ಸಿಸ್ಟರ್ಸ್ ಅನ್ನೋ ಮೂವರು ಹುಡುಗಿಯರ ತಂಡ ಸೇರಿದರು. 1960ರಲ್ಲಿ ಅಣ್ಣನ ಜತೆ ದಿ ಸ್ಪ್ರಿಂಗ್‌ಫೀಲ್ಡ್ಸ್ ಕಟ್ಟಿದರು. ಅಣ್ಣ ಟಾಮ್ ಸ್ಪ್ರಿಂಗ್‌ಫೀಲ್ಡ್ ಆದ, ತಂಗಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್. ಜಾನಪದದ ಧಾಟಿಯ, ಅಚ್ಚುಕಟ್ಟಾದ, ಸ್ವಲ್ಪ ಬೋರು ಹೊಡೆಸುವ ಹಾಡುಗಳು. ಬೋರು ಅಂತ ನಾನು ಹೇಳುತ್ತಿದ್ದೇನೆ, ಜನಕ್ಕೆ ಇಷ್ಟವಾಗಿತ್ತು. 'ಸಿಲ್ವರ್ ಥ್ರೆಡ್ಸ್ ಅಂಡ್ ಗೋಲ್ಡನ್ ನೀಡಲ್ಸ್' 1962ರಲ್ಲಿ ಅಮೆರಿಕದ ಟಾಪ್ 20 ಒಳಗೆ ಹೋಯಿತು, ಬೀಟಲ್ಸ್ ಅಮೆರಿಕಕ್ಕೆ ಕಾಲಿಡುವ ಮುಂಚೆಯೇ.

ಅದೇ ಜೋಶ್‌ನಲ್ಲಿ ನ್ಯಾಶ್‌ವಿಲ್‌ಗೆ ರೆಕಾರ್ಡಿಂಗಿಗೆ ಹೊರಟರು. ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ತಂಗಿದ್ದಾಗ ಡಸ್ಟಿ ಕಿವಿಗೆ ಒಂದು ಹಾಡು ಬಿತ್ತು. ದಿ ಎಕ್ಸೈಟರ್ಸ್ ಅನ್ನೋ ಕಪ್ಪು ತಂಡದ 'ಟೆಲ್ ಹಿಮ್'. ಅಲ್ಲಿಗೆ ಜಾನಪದ ಮುಗಿಯಿತು. ನನಗೆ ಬೇಕಾದ ಸದ್ದು ಇದು ಅಂತ ಆಕೆಗೆ ಖಚಿತವಾಯಿತು. ತಂಡ ಇಂಗ್ಲೆಂಡಿನಲ್ಲಿ ಒಳ್ಳೆ ಹೆಸರಿನಲ್ಲಿದ್ದಾಗಲೇ 1963ರಲ್ಲಿ ಹೊರಗೆ ಬಂದರು.

ಆ ನವೆಂಬರಿನಲ್ಲಿ ಬಂತು 'ಐ ಓನ್ಲಿ ವಾಂಟ್ ಟು ಬಿ ವಿತ್ ಯು'. ಬರೆದವರು ಮೈಕ್ ಹಾಕರ್ ಮತ್ತು ಐವರ್ ರೇಮಂಡ್. ಕಹಳೆ, ಪಿಟೀಲು, ಡ್ರಮ್, ಹಿಂದೆ ಹಾಡುವವರು, ಎಲ್ಲವನ್ನೂ ಒಂದೇ ಮೂಟೆಯಲ್ಲಿ ತುಂಬಿ ಬಾಯಿ ಕಟ್ಟಿದ ಹಾಗಿದೆ. ಆದರೂ ದನಿ ಆ ಗದ್ದಲದ ಮೇಲೆ ತೇಲುತ್ತದೆ. 1964ರ ಜನವರಿ 1ರಂದು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮದ ಮೊಟ್ಟಮೊದಲ ಕಂತು ಪ್ರಸಾರವಾಯಿತು. ಮ್ಯಾಂಚೆಸ್ಟರಿನಲ್ಲಿ ಹಳೇ ಚರ್ಚೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಅಲ್ಲಿ ಡಸ್ಟಿ ಇದೇ ಹಾಡು ಹಾಡಿದರು.

ಈ ಹಾಡಿನದು ಒಂದು ತಮಾಷೆ ಇದೆ. ಡಸ್ಟಿಯದು ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಗಿ ನಿಂತಿತು. 1976ರಲ್ಲಿ ಬೇ ಸಿಟಿ ರೋಲರ್ಸ್ ಹಾಡಿದರು, ಅದೂ 4. 1979ರಲ್ಲಿ ದಿ ಟೂರಿಸ್ಟ್ಸ್ ಹಾಡಿದರು, ಅದೂ 4! (ಆ ತಂಡದಲ್ಲಿ ಹಾಡಿದ್ದು ಆನಿ ಲೆನಕ್ಸ್. ಮುಂದೆ ಯುರಿದ್ಮಿಕ್ಸ್‌ನಿಂದ ಹೆಸರಾದವರು.) ಜಾತಕದಲ್ಲೇ ಬರೆದಿದ್ದ ಹಾಗೆ.

ಆಮೇಲೆ ಎರಡು ಮೂರು ವರ್ಷ ಸಾಲಾಗಿ ಹಿಟ್‌ಗಳು. ಎಲ್ಲವನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ಬರ್ಟ್ ಬಕರಾಕ್ ಟ್ಯೂನು, ಹಾಲ್ ಡೇವಿಡ್ ಸಾಹಿತ್ಯದ ಎರಡು ಹಾಡು ಮಾತ್ರ ಹೇಳುತ್ತೇನೆ. 'ವಿಶಿನ್ ಅಂಡ್ ಹೋಪಿನ್' 1964ರಲ್ಲಿ ಅಮೆರಿಕದಲ್ಲಿ 6ನೇ ಸ್ಥಾನಕ್ಕೆ ಬಂತು. 'ಐ ಜಸ್ಟ್ ಡೋಂಟ್ ನೋ ವಾಟ್ ಟು ಡೂ ವಿತ್ ಮೈಸೆಲ್ಫ್' ಅದೇ ವರ್ಷ ಬ್ರಿಟನ್ನಿನಲ್ಲಿ 3. ಎರಡನ್ನೂ ಮೊದಲು ಹಾಡಿದ್ದು ಬೇರೆಯವರು. ಎರಡೂ ಡಸ್ಟಿಯವೇ ಅಂತ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಬಕರಾಕ್ ಟ್ಯೂನು ಸುಲಭ ಅಲ್ಲ. ಲೆಕ್ಕ ನಡುವೆಯೇ ಬದಲಾಗುತ್ತದೆ, ಸಾಲು ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತದೆ. ಡಸ್ಟಿ ಹಾಡಿದರೆ ಅದು ಎದುರಿಗೆ ಕೂತವರ ಹತ್ತಿರ ಹೇಳಿಕೊಂಡ ಹಾಗಿರುತ್ತದೆ. ಎರಡನೇ ಹಾಡನ್ನು 2003ರಲ್ಲಿ ವೈಟ್ ಸ್ಟ್ರೈಪ್ಸ್ ಅನ್ನೋ ರಾಕ್ ಜೋಡಿ ಗಿಟಾರ್ ಗುದ್ದಿ ಹಾಡಿದರು. ಅದೂ ಚೆನ್ನಾಗಿದೆ, ಕೇಳಿ.

ಈಗ ಸ್ಟುಡಿಯೋ ಒಳಗೆ ಹೋಗೋಣ. ಡಸ್ಟಿಯ ಕಂಪನಿ ಫಿಲಿಪ್ಸ್, ಸ್ಟುಡಿಯೋ ಲಂಡನ್ನಿನ ಮಾರ್ಬಲ್ ಆರ್ಚ್ ಹತ್ತಿರ. ಗ್ರಾಮಫೋನ್ ತಟ್ಟೆಯ ಮೇಲೆ ನಿರ್ಮಾಪಕರ ಹೆಸರು ಜಾನಿ ಫ್ರಾಂಜ್. ಆದರೆ ಯಾವ ವಾದ್ಯ ಹೇಗೆ ಕೇಳಬೇಕು ಅಂತ ಹಟ ಹಿಡಿದು ಮಾಡಿಸುತ್ತಿದ್ದದ್ದು ಹೆಚ್ಚಾಗಿ ಡಸ್ಟಿಯೇ. ಅಮೆರಿಕದ ಮೋಟೌನ್ ಕಂಪನಿಯ ಕಪ್ಪು ಸಂಗೀತದ ಬಾಸು, ಡ್ರಮ್ಮು ಲಂಡನ್ನಿನ ವಾದ್ಯದವರಿಗೆ ಹೊಸದು. ಹೀಗಲ್ಲ, ಹೀಗೆ ಅಂತ ಮತ್ತೆ ಮತ್ತೆ ಹೇಳಬೇಕು. ಹೇಳುತ್ತಿರುವುದು ಇಪ್ಪತ್ತೈದರ ಹುಡುಗಿ, ಕೇಳಬೇಕಾದವರು ಪಳಗಿದ ಗಂಡಸರು. 'ಕಿರಿಕ್ ಹೆಂಗಸು' ಅನ್ನೋ ಹೆಸರು ಬರಲು ಇನ್ನೇನು ಬೇಕು? ಇದೇ ಕೆಲಸ ಒಬ್ಬ ಗಂಡಸು ಮಾಡಿದ್ದರೆ ನಿರ್ಮಾಪಕ ಅಂತ ಹೆಸರು ಹಾಕುತ್ತಿದ್ದರು.

ಹಾಡಿನ ಆಯ್ಕೆ ಅಂದೆನಲ್ಲ, ಅದಕ್ಕೆ ಒಂದೇ ಹಾಡಿನ ಕತೆ ಪೂರ್ತಿ ಹೇಳಿಬಿಡುತ್ತೇನೆ.

1965ರಲ್ಲಿ ಇಟಲಿಯ ಸಾನ್ ರೆಮೊ ಸಂಗೀತ ಸ್ಪರ್ಧೆಗೆ ಡಸ್ಟಿ ಹಾಡಲು ಹೋಗಿದ್ದರು. ಅಲ್ಲಿ ಪೀನೊ ದೊನಾಜ್ಜೊ ತಾವೇ ಟ್ಯೂನ್ ಹಾಕಿದ ಒಂದು ಇಟಾಲಿಯನ್ ಹಾಡು ಹಾಡಿದರು. ಡಸ್ಟಿಗೆ ಅದರ ಒಂದು ಪದವೂ ಅರ್ಥವಾಗಲಿಲ್ಲ. ಕಣ್ಣಲ್ಲಿ ಮಾತ್ರ ನೀರು. ಆ ಹಾಡಿನ ತಟ್ಟೆ ಲಂಡನ್ನಿಗೆ ಬಂತು. ಸುಮಾರು ಒಂದು ವರ್ಷ ಸುಮ್ನೆ ಇತ್ತು. ಆಮೇಲೆ ಇದಕ್ಕೆ ಇಂಗ್ಲಿಷ್ ಸಾಹಿತ್ಯ ಬೇಕು ಅಂತ ಗೆಳತಿ ವಿಕಿ ವಿಕಮ್‌ಗೆ ಹೇಳಿದರು. ವಿಕಿ 'ರೆಡಿ ಸ್ಟೆಡಿ ಗೋ!' ಅನ್ನೋ ಟಿವಿ ಕಾರ್ಯಕ್ರಮ ಮಾಡುತ್ತಿದ್ದವರು, ಕವಿಯೂ ಅಲ್ಲ, ಗೀತರಚನೆಕಾರರೂ ಅಲ್ಲ. ಯಾರ್ಡ್‌ಬರ್ಡ್ಸ್ ತಂಡದ ಮ್ಯಾನೇಜರ್ ಆಗಿದ್ದ ಸೈಮನ್ ನೇಪಿಯರ್‌ಬೆಲ್ ಜತೆ ಊಟ ಮಾಡುವಾಗ ಈ ಮಾತು ಬಂತು. ಇಬ್ಬರೂ ಅವತ್ತಿನ ತನಕ ಒಂದು ಹಾಡೂ ಬರೆದವರಲ್ಲ.

ಪ್ರೀತಿಯ ಹಾಡು ಬೇಡ ಅಂತ ಇಬ್ಬರದೂ ತಕರಾರು. ಅದಕ್ಕೆ 'ನಾನು ನಿನ್ನ ಪ್ರೀತಿಸಲ್ಲ' ಅಂತ ಶುರು ಮಾಡಿದರು. ಸರಿ ಹೋಗಲಿಲ್ಲ. 'ನೀನು ನನ್ನ ಪ್ರೀತಿಸಲ್ಲ' ಅಂದರು. ಆಮೇಲೆ 'ಪ್ರೀತಿಸಬೇಕಾಗಿಲ್ಲ'. ಟ್ಯೂನಿನ ಸಾಲು ಇನ್ನೂ ಉದ್ದ ಇತ್ತು. ಎಳೆದು ಎಳೆದು 'ಪ್ರೀತಿಸ್ತೀನಿ ಅಂತ ನೀನು ಹೇಳಬೇಕಾಗಿಲ್ಲ' ಅನ್ನುವಲ್ಲಿಗೆ ಬಂದು ಕೂತಿತು. ಇಂಗ್ಲಿಷಿನಲ್ಲಿ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ'. ಉಳಿದದ್ದನ್ನು ಟ್ಯಾಕ್ಸಿಯಲ್ಲಿ ಮುಗಿಸಿದರಂತೆ. ಟ್ಯೂನ್ ಮೊದಲು, ಪದ ಆಮೇಲೆ ಅನ್ನೋ ಈ ಕಷ್ಟ ನಮ್ಮ ಸಿನಿಮಾ ಸಾಹಿತಿಗಳಿಗೆ ಚೆನ್ನಾಗಿ ಗೊತ್ತು!

ಮುಂದಿನದು ಡಸ್ಟಿಯ ಕೆಲಸ. ಹಾಡುವ ಕೋಣೆಯಲ್ಲಿ ದನಿ ಸತ್ತ ಹಾಗೆ ಕೇಳುತ್ತಿದೆ ಅಂತ ಆಕೆಯ ದೂರು. ಕೊನೆಗೆ ಕಟ್ಟಡದ ಮೆಟ್ಟಿಲ ಹತ್ತಿರ ಮೈಕು ಇಳಿಬಿಟ್ಟರು. ಅಲ್ಲಿ ಗೋಡೆ ಗೋಡೆಗೆ ಬಡಿದು ದನಿ ಗುಂಯ್ ಅನ್ನುತ್ತದೆ. ಆ ಮೆಟ್ಟಿಲ ಮೇಲೆ ನಿಂತು ಡಸ್ಟಿ ಹಾಡಿದರು. ಒಂದಲ್ಲ, ಎರಡಲ್ಲ, 47 ಟೇಕ್ ಆದ ಮೇಲೆ ಸಮಾಧಾನವಾಯಿತು. ಈಗ ಹೆಡ್‌ಫೋನ್ ಹಾಕಿ ಕೇಳಿ. ಮೊದಲ ಸಾಲುಗಳು ತಗ್ಗಿನಲ್ಲಿ, ಹೆಚ್ಚು ಕಡಿಮೆ ಮಾತಿನ ಹಾಗೆ ಹೋಗುತ್ತವೆ. ಕೊನೆಯ ಹೊತ್ತಿಗೆ ಶ್ರುತಿ ಒಂದು ಮೆಟ್ಟಿಲು ಮೇಲಕ್ಕೆ ಜಿಗಿಯುತ್ತದೆ, ದನಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಕೇಳುವ ಆ ಖಾಲಿ ಜಾಗದ ಅನುರಣನ ಇದೆಯಲ್ಲ, ಅದು ಮೆಟ್ಟಿಲಿನದು. 1966ರಲ್ಲಿ ಬ್ರಿಟನ್ನಿನಲ್ಲಿ ನಂಬರ್ 1, ಅಮೆರಿಕದಲ್ಲಿ 4. ಬ್ರಿಟನ್ನಿನಲ್ಲಿ ಡಸ್ಟಿಯ ಒಂದೇ ಒಂದು ನಂಬರ್ 1 ಇದು. 1970ರಲ್ಲಿ ಎಲ್ವಿಸ್ ಪ್ರೆಸ್ಲಿ ಕೂಡ ಹಾಡಿದರು.

ಇಷ್ಟಕ್ಕೆಲ್ಲ 'ಬರೀ ಕಂಠ' ಅನ್ನೋ ಹೆಸರು ಸಾಲುತ್ತದಾ? ಇಟಲಿಯಲ್ಲಿ ಹಾಡು ಹಿಡಿದದ್ದು, ಬರೆಸಿದ್ದು, ಮೆಟ್ಟಿಲಿಗೆ ಹೋಗಿ ನಿಂತದ್ದು, 46 ಟೇಕ್ ಬೇಡ ಅಂದದ್ದು. ನಿಮ್ಮ ಗೆಳೆಯರಿಗೆ ಕೇಳಿ ನೋಡಿ.

ಕಪ್ಪು ಗಾಯಕಿ ಅಂದುಕೊಂಡಿದ್ದೆ ಅಂತ ಬರೆದಿದ್ದೀರಿ. ಆಗಲೂ ಅಮೆರಿಕದಲ್ಲಿ ರೇಡಿಯೋ ಕೇಳಿದ ಅನೇಕರು ಹಾಗೇ ಅಂದುಕೊಂಡಿದ್ದರು, ನಾಚಿಕೆ ಬೇಡ. ಡಸ್ಟಿ ಆ ಸಂಗೀತದಿಂದ ತೆಗೆದುಕೊಂಡದ್ದು ಬಹಳ. ಆದರೆ ಮುಚ್ಚಿಡಲಿಲ್ಲ, ತೆಗೆದುಕೊಂಡು ಸುಮ್ಮನೂ ಕೂರಲಿಲ್ಲ. 1964ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹಾಡಲು ಹೋದರು. ಅಲ್ಲಿ ವರ್ಣಭೇದದ ಕಾನೂನು. ಕಪ್ಪು, ಬಿಳಿ ಅಂತ ಜನರನ್ನು ಬೇರೆ ಬೇರೆ ಕೂರಿಸಿದರೆ ಹಾಡುವುದಿಲ್ಲ ಅಂತ ಕರಾರಿನಲ್ಲೇ ಬರೆಸಿದ್ದರು. ಕೇಪ್‌ಟೌನ್ ಹತ್ತಿರ ಎಲ್ಲರೂ ಒಟ್ಟಿಗೆ ಕೂತ ಸಭೆಗೆ ಹಾಡಿದರು. ಅಲ್ಲಿನ ಸರ್ಕಾರ ದೇಶ ಬಿಟ್ಟು ಹೋಗಿ ಅಂತ ಕಳಿಸಿತು. ಪಾಪ್ ಗಾಯಕರು ರಾಜಕೀಯ ಮಾತಾಡುವುದು ಇನ್ನೂ ಫ್ಯಾಶನ್ ಆಗಿರದ ಕಾಲ ಅದು.

ಮರುವರ್ಷ ಮೋಟೌನ್ ಕಲಾವಿದರು ಬ್ರಿಟನ್ ಪ್ರವಾಸಕ್ಕೆ ಬಂದರು. ಎಷ್ಟೋ ಕಡೆ ಸಭಾಂಗಣದಲ್ಲಿ ಅರ್ಧ ಕುರ್ಚಿ ಖಾಲಿ. ಆಗ 'ರೆಡಿ ಸ್ಟೆಡಿ ಗೋ!'ದಲ್ಲಿ ಅವರಿಗಾಗಿಯೇ ಒಂದು ವಿಶೇಷ ಕಂತು ಆಯಿತು. ನಡೆಸಿಕೊಟ್ಟವರು ಡಸ್ಟಿ. ಸುಪ್ರೀಮ್ಸ್, ಟೆಂಪ್ಟೇಶನ್ಸ್, ಸ್ಮೋಕಿ ರಾಬಿನ್ಸನ್, ಮಾರ್ಥಾ ಅಂಡ್ ದಿ ವ್ಯಾಂಡೆಲ್ಲಾಸ್, ಹದಿಹರೆಯದ ಸ್ಟೀವಿ ವಂಡರ್, ಎಲ್ಲರನ್ನೂ ಬ್ರಿಟನ್ನಿನ ಮನೆಮನೆಗೆ ಟಿವಿಯಲ್ಲಿ ಪರಿಚಯಿಸಿದರು. ಮಾರ್ಥಾ ತಂಡದ ಜತೆ ನಿಂತು 'ವಿಶಿನ್ ಅಂಡ್ ಹೋಪಿನ್' ಹಾಡಿದರು. ಆ ಹಳೇ ತುಣುಕು ನೋಡಲು ಸಿಕ್ಕರೆ ಡಸ್ಟಿ ಮುಖ ನೋಡಿ. ಜಾತ್ರೆಗೆ ಬಂದ ಮಗುವಿನ ಮುಖ.

1967ರ 'ದಿ ಲುಕ್ ಆಫ್ ಲವ್' ಬಗ್ಗೆ ಒಂದು ಮಾತು. ಇದೂ ಬಕರಾಕ್ ಟ್ಯೂನು. 'ಕ್ಯಾಸಿನೊ ರಾಯಲ್' ಅನ್ನೋ ತಲೆಬುಡ ಇಲ್ಲದ ತಮಾಷೆ ಸಿನಿಮಾಕ್ಕೆ ಮಾಡಿದ್ದು. ಸಿನಿಮಾ ಮರೆತುಹೋಯಿತು, ಹಾಡು ಉಳಿಯಿತು, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಇಲ್ಲಿ ಡಸ್ಟಿ ದನಿ ಎತ್ತುವುದೇ ಇಲ್ಲ. ಪಿಸುಮಾತಿಗಿಂತ ಒಂದು ಚೂರು ಜಾಸ್ತಿ, ಅಷ್ಟೇ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತು ಪದ ಬಿಡುತ್ತಾರೆ. ತಮಾಷೆ ನೋಡಿ, ಇದು ಬದಿಗೊಂದು ಹಾಡಿರುವ ಸಿಂಗಲ್ ತಟ್ಟೆಯ ಹಿಂಬದಿಯಲ್ಲಿ ಬಂದ ಹಾಡು. ಮುಂಬದಿಯ ಹಾಡಿನ ಹೆಸರು ಈಗ ಅಭಿಮಾನಿಗಳಿಗೆ ಮಾತ್ರ ನೆನಪು.

ಇನ್ನು ನಿಮ್ಮ ಹಾಡಿಗೆ ಬರೋಣ. 1968ರ ಹೊತ್ತಿಗೆ ಪಾಪ್ ದಿಕ್ಕು ಬದಲಾಗಿತ್ತು. ಗೌನು ಹಾಕಿ, ಕೂದಲು ಕಟ್ಟಿ, ದೊಡ್ಡ ವಾದ್ಯಮೇಳದ ಮುಂದೆ ಹಾಡುವವರು ಹಳಬರಾಗಿ ಕಾಣತೊಡಗಿದ್ದರು. ಡಸ್ಟಿ ಅಮೆರಿಕದ ಅಟ್ಲಾಂಟಿಕ್ ಕಂಪನಿ ಸೇರಿದರು. ಹೆಸರಾಂತ ಕಪ್ಪು ಗಾಯಕಿ ಆರೀಥಾ ಫ್ರಾಂಕ್ಲಿನ್ ಇದ್ದ ಕಂಪನಿ ಅದು. ಜೆರ್ರಿ ವೆಕ್ಸ್‌ಲರ್, ಟಾಮ್ ಡೌಡ್, ಆರಿಫ್ ಮಾರ್ಡಿನ್ ಅನ್ನೋ ಮೂವರು ಘಟಾನುಘಟಿ ನಿರ್ಮಾಪಕರು. ವೆಕ್ಸ್‌ಲರ್ ಮನೆಯಲ್ಲಿ ಹಾಡಿನ ರಾಶಿ ಹಾಕಿಕೊಂಡು ಒಂದೊಂದೇ ಕೇಳಿಸಿದರು. ಡಸ್ಟಿ ಒಂದನ್ನೂ ಒಪ್ಪಲಿಲ್ಲ. ಕೆಲವು ತಿಂಗಳು ಬಿಟ್ಟು, ಹೆಚ್ಚು ಕಡಿಮೆ ಅದೇ ಹಾಡುಗಳಲ್ಲಿ ಕೆಲವನ್ನು ಮತ್ತೆ ಕೇಳಿಸಿದರಂತೆ, ಆಗ ಒಪ್ಪಿದರು. ಇದನ್ನು ವೆಕ್ಸ್‌ಲರ್ ಆಮೇಲೆ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಆಗ ನಗು ಬಂದಿರಲಿಕ್ಕಿಲ್ಲ.

ರೆಕಾರ್ಡಿಂಗ್ ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ. ಲಂಡನ್ನಿನ ಹಾಗೆ ಸ್ವರ ಬರೆದ ಹಾಳೆ ಅಲ್ಲಿಲ್ಲ. ವಾದ್ಯದವರು ಕೂತು, ಹಾಡು ಕೇಳಿ, ನುಡಿಸುತ್ತಾ ನುಡಿಸುತ್ತಾ ಕಟ್ಟುತ್ತಾರೆ. ಗಾಯಕಿ ಅವರ ಜತೆಯಲ್ಲೇ ಹಾಡಬೇಕು. ಅದೇ ಜಾಗದಲ್ಲಿ ವಿಲ್ಸನ್ ಪಿಕೆಟ್ ಅಂಥ ಕಪ್ಪು ಗಾಯಕರು ನಿಂತು ಹಾಡಿದ್ದರು. ಅದು ಗೊತ್ತಾದ ಮೇಲೆ ಡಸ್ಟಿಯ ಗಂಟಲೇ ಕಟ್ಟಿತು. ತಾನು ಯಾರನ್ನು ಕೇಳಿ ಕಲಿತರೋ ಅವರ ಅಂಗಳದಲ್ಲೇ ಹಾಡಬೇಕು ಅಂದರೆ ಯಾರಿಗಾದರೂ ಕಾಲು ನಡುಗುತ್ತದೆ. ಕೊನೆಗೆ ವಾದ್ಯವೆಲ್ಲ ಮೆಂಫಿಸ್‌ನಲ್ಲಿ, ಹಾಡಿನ ದನಿ ಆಮೇಲೆ ನ್ಯೂಯಾರ್ಕಿನಲ್ಲಿ. ಆ ತಟ್ಟೆಯ ಹೆಸರು ಏನು ಗೊತ್ತಾ? 'ಡಸ್ಟಿ ಇನ್ ಮೆಂಫಿಸ್'!

'ಸನ್ ಆಫ್ ಎ ಪ್ರೀಚರ್ ಮ್ಯಾನ್' ಬರೆದವರು ಜಾನ್ ಹರ್ಲಿ, ರಾನಿ ವಿಲ್ಕಿನ್ಸ್. ಅವರ ಮನಸ್ಸಿನಲ್ಲಿ ಇದ್ದದ್ದು ಆರೀಥಾ. ಆರೀಥಾ ಅಪ್ಪ ನಿಜವಾಗಲೂ ಹೆಸರಾಂತ ಚರ್ಚ್ ಉಪದೇಶಕರು. ಹಾಡೋ, ಉಪದೇಶಕನ ಮಗನ ಜತೆ ಕದ್ದುಮುಚ್ಚಿ ಸುತ್ತುವ ಹುಡುಗಿಯದು. ಆಗ ಆರೀಥಾ ಹಾಡಲಿಲ್ಲ, ಹಾಡು ಡಸ್ಟಿಗೆ ಬಂತು. ಆರೀಥಾ ಅದನ್ನು ಹಾಡಿದ್ದು ಆಮೇಲೆ, ಅವರ ತಟ್ಟೆ ಬಂದದ್ದು 1970ರಲ್ಲಿ.

ಹಾಡು ಎರಡೂವರೆ ನಿಮಿಷ ಕೂಡ ಇಲ್ಲ. ಶುರುವಿನ ಗಿಟಾರ್ ರೆಜಿ ಯಂಗ್ ಅವರದು. ಜಾರುತ್ತಾ ಬಂದು ನಿಲ್ಲುವ ಆ ನಾಲ್ಕು ಸ್ವರ ಕೇಳಿದರೆ ಸಾಕು, ಊರಾಚೆಯ ಮಣ್ಣು ದಾರಿ ಕಣ್ಣಿಗೆ ಬರುತ್ತದೆ. ಕತೆ ಹೇಳುವ ಕಡೆ ಡಸ್ಟಿ ಅವಸರ ಮಾಡುವುದಿಲ್ಲ. ಅಪ್ಪ ಮನೆಗೆ ಬರುತ್ತಿದ್ದ, ಮಗನೂ ಜತೆಗೆ ಬರುತ್ತಿದ್ದ, ದೊಡ್ಡವರು ಮಾತಿಗೆ ಕೂತರೆ ಇವರಿಬ್ಬರು ಹಿತ್ತಲಿಗೆ. ಇಷ್ಟನ್ನು ಯಾವುದೋ ಹಳೇ ಕತೆ ನೆನೆದು ತನ್ನಷ್ಟಕ್ಕೆ ನಕ್ಕ ಹಾಗೆ ಹೇಳುತ್ತಾರೆ. ಪಲ್ಲವಿ ಬಂದಾಗ ಹಿಂದಿನಿಂದ ಸ್ವೀಟ್ ಇನ್‌ಸ್ಪಿರೇಶನ್ಸ್ ತಂಡ ದನಿಗೂಡಿಸುತ್ತದೆ. ಆಗಲೂ ಡಸ್ಟಿ ಕಿರುಚುವುದಿಲ್ಲ. ಆರೀಥಾ ಹಾಡಿದ್ದು ಕೇಳಿ, ಅದು ಚರ್ಚಿನ ಒಳಗಿನಿಂದ ಬಂದ ಹಾಗಿದೆ. ಡಸ್ಟಿಯದು ಚರ್ಚಿನ ಹಿಂದಿನ ಗೋಡೆಗೆ ಒರಗಿ ನಿಂತವಳ ಹಾಡು. ಯಾವುದು ಮೇಲು ಅಂತ ಕೇಳಬೇಡಿ, ನನಗೆ ಡಸ್ಟಿಯದೇ.

ಸಿಂಗಲ್ ಎರಡೂ ದೇಶದ ಟಾಪ್ 10 ಒಳಗೆ ಹೋಯಿತು. ಆದರೆ 1969ರಲ್ಲಿ ಪೂರ್ತಿ ತಟ್ಟೆ ಬಂದಾಗ ಯಾರೂ ಕೊಳ್ಳಲಿಲ್ಲ. ಅಮೆರಿಕದಲ್ಲಿ 99ನೇ ಸ್ಥಾನ ಮುಟ್ಟಿ ಕೆಳಗಿಳಿಯಿತು. ಬ್ರಿಟನ್ನಿನ ಪಟ್ಟಿಗೆ ಬರಲೇ ಇಲ್ಲ. ಅದೇ ತಟ್ಟೆ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಡುವ ಧ್ವನಿಮುದ್ರಿಕೆಗಳಲ್ಲಿ ಒಂದು. 2020ರಲ್ಲಿ ಆ ಪಟ್ಟಿಗೆ ಸೇರಿಸಿದರು. ಅಂದ ಹಾಗೆ, ಅಟ್ಲಾಂಟಿಕ್‌ನವರಿಗೆ ಲೆಡ್ ಜೆಪ್ಪೆಲಿನ್ ಅನ್ನೋ ರಾಕ್ ತಂಡವನ್ನು ತೆಗೆದುಕೊಳ್ಳಿ ಅಂತ ಹೇಳಿದವರಲ್ಲಿ ಡಸ್ಟಿಯೂ ಒಬ್ಬರು. ಆ ತಂಡದ ಜಾನ್ ಪಾಲ್ ಜೋನ್ಸ್ ಮುಂಚೆ ಡಸ್ಟಿ ಹಾಡುಗಳಿಗೆ ನುಡಿಸಿದ್ದರು. ಕಿವಿ ಅಂದೆನಲ್ಲ!

ಎಪ್ಪತ್ತರ ದಶಕ ಬೇಗ ಮುಗಿಸುತ್ತೇನೆ. 1970ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ತನಗೆ ಗಂಡಸರ ಮೇಲೆ ಮನಸ್ಸಾದಷ್ಟೇ ಸಹಜವಾಗಿ ಹೆಂಗಸರ ಮೇಲೂ ಆಗಬಹುದು ಅಂತ ಹೇಳಿಬಿಟ್ಟರು. ಆ ಕಾಲಕ್ಕೆ ಹೆಸರಿರುವ ಗಾಯಕಿಯೊಬ್ಬರು ಹೇಳುವ ಮಾತಾಗಿರಲಿಲ್ಲ. ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದರು. ಕುಡಿತ, ಮಾತ್ರೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ತನಕ ಹೋದ ಕತ್ತಲು. ಬಂದ ತಟ್ಟೆಗಳು ಮಾರಾಟವಾಗಲಿಲ್ಲ. ಬೇರೆಯವರ ಹಾಡಿಗೆ ಹಿಂದೆ ನಿಂತು ದನಿ ಕೊಟ್ಟದ್ದೂ ಇದೆ.

ವಾಪಸ್ ಕರೆತಂದವರು ಅಭಿಮಾನಿಗಳು. ಪೆಟ್ ಶಾಪ್ ಬಾಯ್ಸ್ ಅನ್ನೋ ಬ್ರಿಟಿಷ್ ಪಾಪ್ ಜೋಡಿಗೆ 'ಡಸ್ಟಿ ಇನ್ ಮೆಂಫಿಸ್' ಅಂದರೆ ಪ್ರಾಣ. 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್?' ಹಾಡಿಗೆ ಡಸ್ಟಿಯೇ ಬೇಕು ಅಂತ ಕೂತರು. ಈಗ ಯಾರಿಗೆ ಬೇಕು ಅವರು ಅಂತ ಕಂಪನಿಗೆ ಅನುಮಾನ. ಹುಡುಗರು ಬಿಡಲಿಲ್ಲ. 1987ರಲ್ಲಿ ಅದು ಬ್ರಿಟನ್ನಿನಲ್ಲಿ 2, ಮರುವರ್ಷ ಅಮೆರಿಕದಲ್ಲೂ 2. ಯಂತ್ರದ ತಾಳ, ಸಿಂಥಸೈಜರ್, ಆ ಜೋಡಿಯಲ್ಲಿ ಹಾಡುವ ನೀಲ್ ಟೆನಂಟ್‌ನ ಒಣ ದನಿ, ಎಲ್ಲ ತಣ್ಣಗೆ ಸಾಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಡಸ್ಟಿ ಒಳಗೆ ಬರುತ್ತಾರೆ. ಕೋಣೆಯ ಕಿಟಕಿ ಯಾರೋ ತೆಗೆದ ಹಾಗೆ. ನಾನು ಡಸ್ಟಿಯನ್ನು ಮೊದಲು ಕೇಳಿದ್ದು ಇದರಲ್ಲೇ, ಎರಡನೇ ಕೈ ಕ್ಯಾಸೆಟ್ಟಿನಲ್ಲಿ. ಆ ಹೆಂಗಸಿನ ದನಿ ಯಾರದು ಅಂತ ಹುಡುಕಿಕೊಂಡು ಹಿಂದೆ ಹಿಂದೆ ಹೋಗಿ ಮೆಂಫಿಸ್ ತಲುಪಿದೆ. ಒಂದು ತುದಿಯಿಂದ ನಾನು ಹೋದೆ, ಸಿನಿಮಾದಿಂದ ನೀವು ಹೋಗುತ್ತಿದ್ದೀರಿ.

1994 ಒಂದು ವಿಚಿತ್ರ ವರ್ಷ. 'ಪಲ್ಪ್ ಫಿಕ್ಷನ್' ಬಂದು ಹೊಸ ತಲೆಮಾರು ಡಸ್ಟಿ ಹೆಸರು ಕೇಳತೊಡಗಿತು. ಅದೇ ವರ್ಷ ಆಕೆಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಕೊನೆಯ ತಟ್ಟೆ 1995ರಲ್ಲಿ ಬಂತು. 1999ರ ಹೊಸ ವರ್ಷದ ಗೌರವ ಪಟ್ಟಿಯಲ್ಲಿ ಒಬಿಇ ಅನ್ನೋ ಬ್ರಿಟಿಷ್ ಗೌರವ ಸಿಕ್ಕಿತು. ಅರಮನೆಗೆ ಹೋಗುವಷ್ಟು ಶಕ್ತಿ ಇರಲಿಲ್ಲ, ಪದಕ ಆಸ್ಪತ್ರೆಗೇ ಬಂತು. ಮಾರ್ಚ್ 2ರಂದು ಇಂಗ್ಲೆಂಡಿನ ಹೆನ್ಲಿಯಲ್ಲಿ ತೀರಿಕೊಂಡರು. ಇನ್ನೂ 60 ತುಂಬಿರಲಿಲ್ಲ. ಎರಡು ವಾರ ಕಳೆಯುವುದರೊಳಗೆ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಸೇರಿಸಿದ್ದು ಎಲ್ಟನ್ ಜಾನ್. ಚಿತಾಭಸ್ಮದಲ್ಲಿ ಒಂದಷ್ಟು ಹೆನ್ಲಿಯಲ್ಲಿದೆ. ಉಳಿದದ್ದನ್ನು ಅಣ್ಣ ಐರ್ಲೆಂಡಿನ ಮೋಹರ್ ಬಂಡೆಗಳ ಮೇಲಿಂದ ಸಮುದ್ರಕ್ಕೆ ಬಿಟ್ಟರು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದಿರಿ. ದಯವಿಟ್ಟು ನೂರು ಹಾಡಿನ ಕಟ್ಟು ಹಾಕಿಕೊಂಡು ಕೂರಬೇಡಿ, ನಾಲ್ಕನೆಯದಕ್ಕೇ ಸುಸ್ತಾಗುತ್ತದೆ. ಫೋನಿನ ಸ್ಪೀಕರಿನಲ್ಲಂತೂ ಬೇಡ. 'ಡಸ್ಟಿ ಇನ್ ಮೆಂಫಿಸ್' ಪೂರ್ತಿ ಕೇಳಿ. 11 ಹಾಡು, ಅರ್ಧ ಗಂಟೆ ಚಿಲ್ಲರೆ. ಇಷ್ಟವಾದರೆ 1966ರ 'ಗೋಯಿನ್ ಬ್ಯಾಕ್' ಕೇಳಿ. ಕ್ಯಾರಲ್ ಕಿಂಗ್, ಜೆರ್ರಿ ಗಾಫಿನ್ ಬರೆದ, ಬಾಲ್ಯಕ್ಕೆ ಹಿಂತಿರುಗುವ ಹಾಡು. ಖುಷಿಯ ದಿನ 'ಐ ಓನ್ಲಿ ವಾಂಟ್ ಟು ಬಿ ವಿತ್ ಯು'. 'ದಿ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್' ಅನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಅದು ಸ್ವಲ್ಪ ಸುತ್ತಿ ಸುತ್ತಿ ಬಂದ ಹಾಗೆ ಅನ್ನಿಸುತ್ತದೆ. ನಿಮಗೆ ಇಷ್ಟವಾಗಲೂಬಹುದು.

ನಿಮ್ಮ ಗೆಳೆಯರು ಮನೆಗೆ ಬಂದಾಗ ಮಾತ್ರ ಒಂದು ಕೆಲಸ ಮಾಡಿ. ಮೊದಲು 1966ರ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ' ಹಾಕಿ. ಅದು ಮುಗಿದ ಕೂಡಲೇ ಮೆಂಫಿಸ್ ತಟ್ಟೆಯ 'ಬ್ರೇಕ್‌ಫಸ್ಟ್ ಇನ್ ಬೆಡ್' ಹಾಕಿ. ಎಡ್ಡಿ ಹಿಂಟನ್, ಡಾನಿ ಫ್ರಿಟ್ಸ್ ಬರೆದದ್ದು. ರಾತ್ರಿ ಅತ್ತು ಬಾಗಿಲು ತಟ್ಟಿದವನಿಗೆ ಬೆಳಗ್ಗೆ ಹಾಸಿಗೆಗೇ ತಿಂಡಿ ತಂದುಕೊಡುವ ಹೆಂಗಸಿನ ಹಾಡು. ಅದರ ಪಲ್ಲವಿಯಲ್ಲಿ ಬರೆದವರು ಬೇಕಂತಲೇ ಆ ಹಳೇ ಹಿಟ್ ಹಾಡಿನ ಸಾಲನ್ನು ಇಟ್ಟಿದ್ದಾರೆ. ಅದೇ ಪದಗಳು, 'ಪ್ರೀತಿಸ್ತೀನಿ ಅಂತ ನೀನು ಹೇಳಬೇಕಾಗಿಲ್ಲ'. ಮೊದಲ ಹಾಡಿನಲ್ಲಿ ಅದು ಮೆಟ್ಟಿಲ ಮೇಲೆ ನಿಂತು ಬೇಡಿಕೊಂಡದ್ದು. ಎರಡನೆಯದರಲ್ಲಿ ಇನ್ನೂ ನಿದ್ದೆ ಬಿಡದವರಿಗೆ, ಕಾಫಿ ಲೋಟ ಪಕ್ಕದಲ್ಲಿಟ್ಟು, ಹೇಳದಿದ್ದರೂ ಪರವಾಗಿಲ್ಲ ಅಂದದ್ದು. ಆ ಸಾಲನ್ನು ಡಸ್ಟಿ ಬರೆದಿಲ್ಲ, ಎರಡು ಸಲವೂ.